ಮೀಟರ್ ಯಾವ ಬೆಳೆ ಮೇಲಿತ್ತು?

2019ರ ಮಾರ್ಚ್ 31, ಭಾನುವಾರ. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಔಷಧ ಸ್ಟೋರ್. ವರ್ಷದ ಕೊನೆಯ ಸ್ಟಾಕ್ ಎಣಿಕೆ ನಡೆದಿತ್ತು. ಆರು ಜನ ನೆಲದ ಮೇಲೆ ಕೂತು, ಸ್ಟ್ರಿಪ್‌ಗಳನ್ನು ಗುಡ್ಡೆ ಹಾಕಿಕೊಂಡು ಎಣಿಸುತ್ತಿದ್ದೆವು. ನಾನು ಸ್ಟೋರ್ ಇನ್‌ಚಾರ್ಜ್.

ಮಧ್ಯಾಹ್ನ 3ರ ಹೊತ್ತಿಗೆ ಒಂದು ಮಾತ್ರೆ ಲೆಕ್ಕಕ್ಕೆ ಸಿಗಲಿಲ್ಲ. ಮೆಟ್‌ಫಾರ್ಮಿನ್ 500 ಮಿಲಿಗ್ರಾಂ, ಶುಗರ್ ಇದ್ದವರು ದಿನಾ ನುಂಗುವ ಮಾತ್ರೆ. ಕಂಪ್ಯೂಟರ್ ಪ್ರಕಾರ 2,340 ಇರಬೇಕು. ಎರಡು ಸಲ ಎಣಿಸಿದರೂ ಕಪಾಟಿನಲ್ಲಿ 1,740. ಸರಿಯಾಗಿ 600 ಕಮ್ಮಿ.

ದುಡ್ಡಿನ ಲೆಕ್ಕದಲ್ಲಿ ಇದು ದೊಡ್ಡದೇನಲ್ಲ. ಸಾವಿರ ಚಿಲ್ಲರೆ ರೂಪಾಯಿ. ಆದರೆ ಕೋಣೆಯಲ್ಲಿದ್ದ ಐದೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾತ್ರಿ ಪಾಳಿಯ ಕೌಂಟರ್ ಹುಡುಗ ಆವತ್ತು ರಜೆ. ಜಗಳೂರು ಕಡೆಯವನು, 22 ವರ್ಷ. ಅವನ ತಾಯಿಗೆ ಶುಗರ್ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ವಿಷಯ ಮೇಲಕ್ಕೆ ಹೋಯಿತು. ಆಡಳಿತ ನೋಡಿಕೊಳ್ಳುವವರು ಫೋನಿನಲ್ಲೇ ತೀರ್ಮಾನ ಹೇಳಿದರು: "ನಾಳೆ ಅವನನ್ನ ಕರೆಸಿ ಕೇಳ್ರಿ. ಒಪ್ಕೊಂಡ್ರೆ ಸುಮ್ನೆ ಕಳಿಸಿಬಿಡೋಣ, ಪೊಲೀಸು ಗಿಲೀಸು ಬೇಡ."

ಅವರ ಮಟ್ಟಿಗೆ ಇದು ದೊಡ್ಡ ಮನಸ್ಸು.

"ಮೊದ್ಲು ಮೀಟರ್ ಯಾವ ಬೆಳೆ ಮೇಲಿದೆ ನೋಡ್ತೀನಿ ಸಾರ್" ಅಂದೆ. ಅವರಿಗೆ ಅರ್ಥ ಆಗಲಿಲ್ಲ. ನನಗೇ ಆ ಮಾತು ಬಾಯಿಂದ ಬಂದ ಮೇಲೆ ಗೊತ್ತಾಯಿತು, ನಾನು ಮಾತಾಡುತ್ತಿರುವುದು ಆಸ್ಪತ್ರೆಯಿಂದ ಅಲ್ಲ, ಎಪಿಎಂಸಿ ಯಾರ್ಡಿನಿಂದ ಅಂತ.

ಮಂಡಿಯ 14 ತಿಂಗಳು

ಬಿ.ಕಾಂ. ಮುಗಿಸಿ 2011ರ ಆಗಸ್ಟ್‌ನಲ್ಲಿ ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿ ಸೇರಿದೆ. ತಿಂಗಳಿಗೆ 4,500. ಕೈಗೆ ಕೊಡುತ್ತಿದ್ದರು, ಸಹಿ ಇಲ್ಲ, ಚೀಟಿ ಇಲ್ಲ. ಅಂಗಡಿಗೆ ದಲ್ಲಾಳಿ ಲೈಸೆನ್ಸ್ ಜೊತೆ ಖರೀದಿ ಲೈಸೆನ್ಸೂ ಇತ್ತು. ರೈತರ ಮಾಲು ಮಾರಿಸಿಕೊಡುವುದರ ಜೊತೆ ತಾವೇ ಮೆಕ್ಕೆಜೋಳ ಕೊಂಡು ಲಾರಿ ತುಂಬಿಸಿ ಹೊರಗೆ ಕಳಿಸುತ್ತಿದ್ದರು.

ಅಪ್ಪ ಹತ್ತಿ ಮಿಲ್ಲಿನಲ್ಲಿದ್ದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದ ಕೊನೆ ತುದಿಯಲ್ಲಿ ಕೆಲಸಕ್ಕೆ ಸೇರಿದರು. ಮಿಲ್ಲು ಮುಚ್ಚಿದ ಮೇಲೆ ಸಣ್ಣದೊಂದು ಕಿರಾಣಿ ಅಂಗಡಿ ಇಟ್ಟರು. ನಾನು ಮಂಡಿಗೆ ಹೊರಟ ದಿನ ಅವರು ಹೇಳಿದ್ದು ಒಂದೇ ಮಾತು: "ಸಾಹುಕಾರ್ರ ಮುಂದೆ ಜಾಸ್ತಿ ಮಾತಾಡಬೇಡ." ಈ ಮಾತನ್ನು ಇಲ್ಲಿ ಬರೆಯಲು ಕಾರಣ ಇದೆ, ಮುಂದೆ ಬರುತ್ತದೆ.

ದೀಪಾವಳಿ ಕಳೆದರೆ ಯಾರ್ಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜೂನ್-ಜುಲೈನಲ್ಲಿ ಬಿತ್ತಿದ ಮೆಕ್ಕೆಜೋಳವೆಲ್ಲ ಆಗ ಬರುತ್ತದೆ. ಜಗಳೂರು ಕಡೆಯಿಂದ, ಹರಪನಹಳ್ಳಿ ಕಡೆಯಿಂದ (ಆಗ ಅದು ನಮ್ಮ ಜಿಲ್ಲೆಯಲ್ಲೇ ಇತ್ತು, 2018ರಲ್ಲಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು) ಟ್ರ್ಯಾಕ್ಟರ್ ಸಾಲು. ಭದ್ರಾ ನಾಲೆ ಕಡೆಯ ಭತ್ತವೂ ಅದೇ ಹೊತ್ತಿಗೆ. ದೂಳು ಮೂಗಿಗೆ ಹೋಗಿ ಸಂಜೆ ಸೀನಿದರೆ ಹಳದಿ ಬರುತ್ತಿತ್ತು.

ನನ್ನ ಕೆಲಸ ತೇವ ನೋಡುವುದು, ಲಾಟ್ ಚೀಟಿ ಬರೆಯುವುದು, ತೂಕ ಆದ ಮೇಲೆ ರೈತನಿಗೆ ಲೆಕ್ಕದ ಪಟ್ಟಿ ಬರೆದುಕೊಡುವುದು. ತೇವ ನೋಡಲು ಒಂದು ಮೀಟರ್ ಇತ್ತು. ಚೀಲಕ್ಕೆ ಚೂಪು ಕೊಳವೆ ಚುಚ್ಚಿ ಕಾಳು ತೆಗೆದು, ಮೀಟರಿನ ಬಟ್ಟಲಿಗೆ ತುಂಬಿ ಬಟನ್ ಒತ್ತಬೇಕು. ಕಾಳಿನಲ್ಲಿ ನೀರು ಎಷ್ಟಿದೆ ಅಂತ ಅದು ನೇರವಾಗಿ ಅಳೆಯುವುದಿಲ್ಲ. ಕಾಳಿನ ವಿದ್ಯುತ್ ಗುಣ ನೋಡಿ ನೀರು ಇಷ್ಟಿರಬೇಕು ಅಂತ ಲೆಕ್ಕ ಹಾಕುತ್ತದೆ. ಆ ಗುಣ ಭತ್ತಕ್ಕೆ ಬೇರೆ, ಮೆಕ್ಕೆಜೋಳಕ್ಕೆ ಬೇರೆ. ಹಾಗಾಗಿ ಪ್ರತಿ ಬೆಳೆಗೂ ಒಂದು ನಂಬರ್. ಮೊದಲು ಆ ನಂಬರ್ ಹಾಕಿ, ಆಮೇಲೆ ಕಾಳು ಹಾಕಬೇಕು.

ಅಂಗಡಿಯ ಹಳೇ ಗುಮಾಸ್ತರಿಗೆ ಮೀಟರ್ ಬೇಕಿರಲಿಲ್ಲ. ಎಪ್ಪತ್ತರ ಹತ್ತಿರ ವಯಸ್ಸು, ಎಲ್ಲರೂ ಅಜ್ಜ ಅನ್ನುತ್ತಿದ್ದರು. ಮೊಣಕೈವರೆಗೆ ಚೀಲದೊಳಗೆ ಕೈ ತೂರಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಎರಡು ಕಾಳು ಬಾಯಿಗೆ. ಹಲ್ಲಿಗೆ ಕಟ್ ಅಂದರೆ ಒಣಗಿದೆ, ಮೆತ್ತಗೆ ಅಮುಕಿದರೆ ಹಸಿ. ನನಗೆ ಒಳಗೊಳಗೇ ನಗು. ಬಿ.ಕಾಂ. ಓದಿದ್ದೆನಲ್ಲ.

ಅಜ್ಜನಿಂದ ಕಲಿತ ಒಂದು ಲೆಕ್ಕ ಮಾತ್ರ ಹೇಳಲೇಬೇಕು. ತೇವ 17 ಇದ್ದ ಕಾಳನ್ನು 14ಕ್ಕೆ ಒಣಗಿಸಿದರೆ ಕ್ವಿಂಟಾಲಿಗೆ ಎಷ್ಟು ಕಮ್ಮಿಯಾಗುತ್ತದೆ? 3 ಕೆಜಿ ಅಂದೆ. ತಪ್ಪು. 100 ಕೆಜಿಯಲ್ಲಿ ನೀರು 17, ಒಣ ಕಾಳು 83. ಒಣಗಿಸಿದ ಮೇಲೂ ಆ 83 ಹಾಗೇ ಇರುತ್ತದೆ. ಆದರೆ ಈಗ ಅದು ಒಟ್ಟು ತೂಕದ 86 ಭಾಗ ಆಗಬೇಕು. 83ನ್ನು 0.86ರಿಂದ ಭಾಗಿಸಿದರೆ 96.51. ಅಂದರೆ ಹೋಗಿದ್ದು 3 ಅಲ್ಲ, ಹತ್ತಿರ ಹತ್ತಿರ ಮೂರೂವರೆ ಕೆಜಿ. ಅಜ್ಜನಿಗೆ ಭಾಗಾಕಾರ ಬೇಕಾಗಿರಲಿಲ್ಲ. "ಪಾಯಿಂಟಿಗೆ ಒಂದ್ ಕೆಜಿ, ಮ್ಯಾಲ ಒಂದ್ ಹಿಡಿ" ಅನ್ನುತ್ತಿದ್ದರು. ಆ ಹಿಡಿ ಎಷ್ಟು ಅಂತ ನಾನು ಆಮೇಲೆ ಲೆಕ್ಕ ಹಾಕಿ ನೋಡಿದೆ. ಸುಮಾರು 160 ಗ್ರಾಂ. ಅಜ್ಜನ ಹಿಡಿ ಅಷ್ಟೇ ಇತ್ತು ಅಂತ ಕಾಣುತ್ತೆ.

ನಾಮಕ್ಕಲ್‌ಗೆ ಹೋದ ಲಾರಿ

ನವೆಂಬರ್ ಕೊನೆ. ಬೆಳಿಗ್ಗೆ ಮೊದಲು ಬಂದದ್ದು ಮಲೇಬೆನ್ನೂರು ಕಡೆಯ ಭತ್ತ. ಅದನ್ನು ನೋಡಿ ಮುಗಿಸಿದೆ. ಆಮೇಲೆ ಒಂದರ ಹಿಂದೆ ಒಂದು ಮೆಕ್ಕೆಜೋಳ. ಮೀಟರ್ 13.8, 14, 13.9 ಅಂತ ತೋರಿಸುತ್ತಿತ್ತು. ಒಳ್ಳೆ ಮಾಲು ಅಂದುಕೊಂಡೆ. ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುವಾಗಲೂ ತೇವದ ಮಿತಿ 14 ತಾನೇ.

ಅಜ್ಜ ಬಂದರು. ಕೈ ತೂರಿಸಿದರು, ಕಾಳು ಕಡಿದರು.

"ಹಸಿ ಐತಿ ತಮ್ಮಾ. ಇನ್ನೊಂದ್ಸಲ ನೋಡು."

ನೋಡಿದೆ. ಮತ್ತೆ 13.9.

"ಮಿಷಿನ್ ಸರಿಯಾಗೇ ಹೇಳ್ತಿದೆ ಅಜ್ಜ."

ಅವರು ಕಾಳು ಉಗಿದು ಎದ್ದು ಹೋದರು. ಆವತ್ತು ಸಂಜೆ ನಮ್ಮ ಅಂಗಡಿಯೇ ಕೊಂಡ 160 ಕ್ವಿಂಟಾಲ್ ಲಾರಿಗೆ ಏರಿತು. ಹೋಗಬೇಕಿದ್ದದ್ದು ತಮಿಳುನಾಡಿನ ನಾಮಕ್ಕಲ್‌ಗೆ. ಅಲ್ಲಿಯ ಕೋಳಿ ಫಾರಂಗಳಿಗೆ ನಮ್ಮ ಕಡೆಯ ಮೆಕ್ಕೆಜೋಳ ಬೇಕೇ ಬೇಕು. ಬೆಂಗಳೂರು, ಸೇಲಂ ದಾಟಿ 500 ಕಿಲೋಮೀಟರ್ ದಾರಿ.

ಮೂರನೇ ದಿನ ಅಲ್ಲಿಂದ ಫೋನು. ತೇವ 17 ಬಂದಿದೆ, ಇಳಿಸಿಕೊಳ್ಳುವುದಿಲ್ಲ. ಕೋಳಿ ಆಹಾರದವರು ಇದರಲ್ಲಿ ಕಟ್ಟುನಿಟ್ಟು ಇರಲೇಬೇಕು. ಹಸಿ ಕಾಳಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಅನ್ನುವ ವಿಷ ಸೇರುತ್ತದೆ, ಕೋಳಿ ಸಾಯುತ್ತವೆ. ಸಂಜೆವರೆಗೆ ಮಾತಾಡಿ, ಕೊನೆಗೆ ತೂಕದಲ್ಲಿ ಕಡಿತ ಮಾಡಿಕೊಂಡು ಇಳಿಸಿಕೊಂಡರು. ಕ್ವಿಂಟಾಲಿಗೆ ಮೂರೂವರೆ ಕೆಜಿ, 160ಕ್ಕೆ ಐದೂವರೆ ಕ್ವಿಂಟಾಲ್. ಆಗ ದರ 1,100ರ ಆಸುಪಾಸು. 6,000ದ ಮೇಲೆ ಹೋಯಿತು, ಲಾರಿ ನಿಂತದ್ದಕ್ಕೆ ಬಾಡಿಗೆ ಬೇರೆ. ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ.

ಸಾಹುಕಾರ್ರ ಸಿಟ್ಟು ಹೋದದ್ದು ಹಮಾಲರ ಮೇಲೆ. ಲೋಡ್ ಆದ ರಾತ್ರಿ ಇಬ್ಬನಿ ಬಿದ್ದಿತ್ತು. ಟಾರ್ಪಾಲ್ ಸರಿಯಾಗಿ ಕಟ್ಟಿಲ್ಲ, ಮಾಲು ನೆನೆದಿದೆ ಅಂತ ಎಲ್ಲರ ಮುಂದೆ ಬೈದರು. ಹಮಾಲಿ ಮೇಸ್ತ್ರಿ "ಇಲ್ರೀ ಧಣೀ, ಕಟ್ಟೀವ್ರೀ" ಅಂದ. ಕೇಳುವವರು ಯಾರು? ಆ ವಾರದ ಕೂಲಿ ತಡೆದರು.

ಮಾರನೇ ದಿನ ಬೆಳಿಗ್ಗೆ ಮೀಟರ್ ಆನ್ ಮಾಡಿದೆ. ಪರದೆ ಮೇಲೆ ಭತ್ತದ ನಂಬರ್. ಆವತ್ತಿನವರೆಗೆ ಅಂಗಡಿಗೆ ಭತ್ತ ಬಂದದ್ದು ಆ ಒಂದೇ ದಿನ. ಮೀಟರ್ ಅಲ್ಲಿಂದ ಇಲ್ಲಿಯವರೆಗೆ ಭತ್ತದ ಮೇಲೇ ಇತ್ತು. ಮೆಕ್ಕೆಜೋಳ ಹಾಕಿ ನೋಡಿ, ನಂಬರ್ ಬದಲಿಸಿ ಅದೇ ಕಾಳನ್ನು ಮತ್ತೆ ಹಾಕಿದೆ. 3 ಪಾಯಿಂಟ್ ಜಾಸ್ತಿ ತೋರಿಸಿತು.

ಬೆವರಿದೆ. ಆಮೇಲೆ ಏನೂ ಮಾಡಲಿಲ್ಲ. ಯಾರೂ ನನ್ನನ್ನು ಕೇಳಿರಲಿಲ್ಲ, ಅದೇ ದೊಡ್ಡ ಅನುಕೂಲ. ಅಪ್ಪನ ಮಾತೂ ಇತ್ತಲ್ಲ, ಜಾಸ್ತಿ ಮಾತಾಡಬೇಡ ಅಂತ. ಒಂದೂವರೆ ದಿನ ಹಾಗೇ ಕಳೆದೆ.

ಎರಡನೇ ದಿನ ಸಂಜೆ ಮೇಸ್ತ್ರಿ ನನ್ನ ಹತ್ತಿರವೇ ಬಂದ. "ಒಂದ್ 200 ರೂಪಾಯಿ ಇದ್ರೆ ಕೊಡೋ ತಮ್ಮಾ. ಮನೀಗೆ ಅಕ್ಕಿ ಒಯ್ಬೇಕು. ಕೂಲಿ ಬಂದ್ಮ್ಯಾಲೆ ಕೊಡ್ತೀನಿ." ಕೊಟ್ಟೆ. ಅವನು ಕೈ ಮುಗಿದ. ಅದಾದ ಮೇಲೆ ಹೊರಗೆ ನಿಲ್ಲಲು ಆಗಲಿಲ್ಲ. ಒಳಗೆ ಹೋಗಿ ಸಾಹುಕಾರ್ರಿಗೆ ಎಲ್ಲ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. ಹಮಾಲರ ಕೂಲಿ ಆಗಲೇ ಕೊಡಿಸಿದರು. ಮೇಸ್ತ್ರಿಗೆ "ತಪ್ಪಾಯ್ತಪ್ಪ" ಅಂತ ಅವರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಆಮೇಲೆ ಖಾತೆ ಪುಸ್ತಕ ತೆಗೆದು ನನ್ನ ಹೆಸರಿನ ಮುಂದೆ 2,000 ಬರೆದರು. ತಿಂಗಳಿಗೆ 500ರಂತೆ ನಾಲ್ಕು ತಿಂಗಳು.

"ನೀನಾಗೇ ಹೇಳಿದ್ಯಲ್ಲ, ಅದ್ಕೇ ಇಷ್ಟು. ಇಲ್ಲಾಂದ್ರೆ ಪೂರ್ತಿ ಹಿಡೀತಿದ್ದೆ."

ನಾನು ಕಲಿತದ್ದು

ಈ ಕಥೆಯನ್ನು ಬಹಳ ಕಡೆ ಹೇಳಿದ್ದೇನೆ, ಹೊಸ ಹುಡುಗರಿಗೂ ಹೇಳಿದ್ದೇನೆ. ಪ್ರತಿ ಸಲ ಇಲ್ಲಿಗೆ ನಿಲ್ಲಿಸುತ್ತಿದ್ದೆ. ತಪ್ಪು ಒಪ್ಪಿಕೊಂಡ ಹುಡುಗ, ನ್ಯಾಯವಂತ ಸಾಹುಕಾರ. ಕೇಳುವವರಿಗೂ ಖುಷಿ. ನಿಜ ಏನಂದರೆ ಆ ನಾಲ್ಕು ತಿಂಗಳಲ್ಲಿ ನಾನು ಇನ್ನೊಂದನ್ನೂ ಕಲಿತೆ.

ಫೆಬ್ರವರಿಯಲ್ಲಿ ಒಬ್ಬ ರೈತನ ಪಟ್ಟಿಯಲ್ಲಿ 30 ಕೆಜಿ ಜಾಸ್ತಿ ಬರೆದೆ. ಗೊತ್ತಾಗುವ ಹೊತ್ತಿಗೆ ಅವನು ದುಡ್ಡು ತೆಗೆದುಕೊಂಡು ಊರಿಗೆ ಹೋಗಿದ್ದ. ಈ ಸಲ ಯಾರಿಗೂ ಹೇಳಲಿಲ್ಲ. ಆಮೇಲೆ ಬಂದ ಮೂರು ಲಾಟುಗಳಲ್ಲಿ 10-10 ಕೆಜಿ ಕಮ್ಮಿ ಬರೆದು ಹೊಂದಿಸಿದೆ. ಹೊಂದಿಸುವುದು ಅನ್ನುವುದು ಮಂಡಿಯ ಮಾತು. ಬೇರೆ ಮೂವರ ಕಾಳು ಕದ್ದೆ ಅಂತ ಅದರ ಅರ್ಥ. ಆ ಮೂವರ ಮುಖವೂ ನೆನಪಿಲ್ಲ. ಬರೆಯಲು ನಾಚಿಕೆ ಆಗುತ್ತೆ, ಆದರೆ ಇದನ್ನು ಬಿಟ್ಟರೆ ಈ ಪ್ರಕರಣ ಅರ್ಧ.

ಒಂದೇ ಘಟನೆಯಿಂದ ಎರಡು ಅಭ್ಯಾಸ ಬಂದವು. ಲೆಕ್ಕ ತಪ್ಪಿದರೆ ಮನುಷ್ಯನನ್ನು ಅನುಮಾನಿಸುವ ಮುಂಚೆ ಅಳತೆಯನ್ನು ಅನುಮಾನಿಸುವುದು ಒಂದು. ತಪ್ಪು ಹೇಳಿದರೆ 2,000, ಹೇಳದಿದ್ದರೆ ಸೊನ್ನೆ ಅನ್ನುವುದು ಇನ್ನೊಂದು. ಮೊದಲನೆಯದು ನನಗೆ ಗೊತ್ತಿದ್ದೇ ಬಂತು, ಅದರ ಬಗ್ಗೆ ಜಂಬವೂ ಇತ್ತು. ಎರಡನೆಯದು ಬಂದದ್ದೇ ಗೊತ್ತಾಗಲಿಲ್ಲ.

2012ರ ಅಕ್ಟೋಬರ್‌ನಲ್ಲಿ ಮಂಡಿ ಬಿಟ್ಟೆ. ಮುಂದಿನ ಕೆಲಸ ಔಷಧ ಹೋಲ್‌ಸೇಲ್ ಅಂಗಡಿಯಲ್ಲಿ. ಅಲ್ಲಿ ಅನುಭವದ ಪತ್ರ ಕೇಳಿದರು. ಅಂಗಡಿಯಲ್ಲಿ ನಾವಿದ್ದದ್ದೇ ಐದು ಜನ. 20 ಜನ ಇದ್ದರೆ ತಾನೇ ಪಿಎಫ್ ಕಡ್ಡಾಯ? ಪಿಎಫ್ ಇಲ್ಲ, ಬ್ಯಾಂಕಿಗೆ ಸಂಬಳ ಬಂದಿಲ್ಲ, ಕಾಗದದ ಪ್ರಕಾರ ನಾನು 14 ತಿಂಗಳು ಎಲ್ಲೂ ಇರಲಿಲ್ಲ. ಸಾಹುಕಾರ್ರ ಹತ್ತಿರ ಹೋದೆ. ಬಿಲ್ ಪುಸ್ತಕದ ಒಂದು ಹಾಳೆ ಹರಿದು ಬರೆದುಕೊಟ್ಟರು: "ಲೆಕ್ಕ ಚೊಕ್ಕ. ನಡತೆ ಒಳ್ಳೇದು." ಹೊಸಬರ ಸಂಬಳವೇ ಸಿಕ್ಕಿತು. ಈಗ ಮೊದಲ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವ ಒಂದೇ ಬುದ್ಧಿಮಾತು ಇದು. ಸಂಬಳ ಬ್ಯಾಂಕಿಗೆ ಹಾಕಿಸಿಕೊಳ್ಳಿ. 4,500 ಆದರೂ ಸರಿ.

2016ರಲ್ಲಿ ಆಸ್ಪತ್ರೆಗೆ ಬಂದೆ, ಮುಂದಿನ ವರ್ಷ ಸ್ಟೋರ್ ಇನ್‌ಚಾರ್ಜ್ ಆದೆ.

600 ಮಾತ್ರೆ

ಮತ್ತೆ ಮಾರ್ಚ್ 31ಕ್ಕೆ. ನನ್ನ ತಲೆಗೆ ಮೊದಲು ಹೊಡೆದದ್ದು ಆ 600. ಅಜ್ಜ ಹೇಳುತ್ತಿದ್ದರು, ಚಿಲ್ಲರೆ ತಪ್ಪಾದರೆ ಕೈ ನೋಡು, ದುಂಡು ತಪ್ಪಾದರೆ ಪುಸ್ತಕ ನೋಡು ಅಂತ. ಮನೆಗೆ ಒಂದೊಂದು ಸ್ಟ್ರಿಪ್ ಒಯ್ಯುವವನು ಸರಿಯಾಗಿ 600ಕ್ಕೆ ತಂದು ನಿಲ್ಲಿಸುತ್ತಾನಾ?

ನಮ್ಮಲ್ಲಿ ಮಾಲು ಬರುವುದು ಸ್ಟ್ರಿಪ್ ಲೆಕ್ಕದಲ್ಲಿ, ಹೋಗುವುದು ಮಾತ್ರೆ ಲೆಕ್ಕದಲ್ಲಿ. ಬಂದ ಸ್ಟ್ರಿಪ್ಪನ್ನು ಕಂಪ್ಯೂಟರ್ ತಾನೇ ಮಾತ್ರೆಯಾಗಿ ಬದಲಿಸಿಕೊಳ್ಳುತ್ತದೆ. ಒಂದು ಸ್ಟ್ರಿಪ್ಪಿಗೆ ಎಷ್ಟು ಮಾತ್ರೆ ಅಂತ ಮೊದಲೇ ಹಾಕಿಟ್ಟಿರಬೇಕು. ನೋಡಿದೆ, 15 ಅಂತ ಇತ್ತು. ಕಪಾಟಿನಿಂದ ಒಂದು ಸ್ಟ್ರಿಪ್ ತೆಗೆದು ಎಣಿಸಿದೆ. ಹತ್ತು. ಇನ್ನೊಂದು, ಅದೂ ಹತ್ತು. ಫೆಬ್ರವರಿಯಲ್ಲಿ ಬೇರೆ ಕಂಪನಿಯ ಮಾಲು ಬಂದಿತ್ತು, 120 ಸ್ಟ್ರಿಪ್. ನಿಜವಾಗಿ 1,200 ಮಾತ್ರೆ, ಕಂಪ್ಯೂಟರಿಗೆ 1,800.

ಮೀಟರ್ ಭತ್ತದ ಮೇಲಿತ್ತು. ಹತ್ತು ನಿಮಿಷವೂ ಹಿಡಿಯಲಿಲ್ಲ. ಸಂಜೆ ಚಹಾಕ್ಕೆ ಎಲ್ಲರೂ ನನ್ನನ್ನು ಹೊಗಳಿದರು, ನಾನೂ ಮಂಡಿ ಕಥೆ ಹೇಳಿದೆ, ಎಂದಿನ ಜಾಗಕ್ಕೇ ನಿಲ್ಲಿಸಿದೆ.

ಸೋಮವಾರ ಹುಡುಗ ಬಂದ. ಅವನ ಮೇಲೆ ಅನುಮಾನ ಬಂದಿತ್ತು ಅಂತ ಹೇಳಲಿಲ್ಲ. ಬರೀ ಪ್ಯಾಕ್ ವಿಷಯ ಹೇಳಿದೆ. ಆ ಫೆಬ್ರವರಿ ಮಾಲು ಇಳಿಸಿಕೊಂಡು ಎಂಟ್ರಿ ಮಾಡಿದವನೂ ಅವನೇ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿತ್ತು ಸಾರ್" ಅಂದ.

ಯಾವಾಗಿಂದ?

"ಆಗ್ಲೇ ಒಂದ್ವಾರಕ್ಕೆ ಗೊತ್ತಾಯ್ತು. ಆ ತಿಂಗ್ಳು ಎರಡ್ಸಲ ದಂಡ ಆಗಿತ್ತು ಸಾರ್ ನಂಗೆ."

ದಂಡದ ಪುಸ್ತಕ ಶುರು ಮಾಡಿದ್ದೇ ನಾನು, 2017ರಲ್ಲಿ. ಎಂಟ್ರಿ ತಪ್ಪಿದರೆ 50, ಎಕ್ಸ್‌ಪೈರಿ ತಾರೀಕು ತಪ್ಪಿದರೆ 100. ತಾನಾಗಿ ಬಂದು ಹೇಳಿದರೆ ಅರ್ಧ. ಈ "ಅರ್ಧ" ನನ್ನ ದೊಡ್ಡ ಉದಾರ ಗುಣ ಅಂತ ಎರಡು ವರ್ಷ ನಂಬಿದ್ದೆ! ದುಡ್ಡು ಡಬ್ಬಿಗೆ ಹೋಗುತ್ತಿತ್ತು, ಒಂದು ದಿನ ಎಲ್ಲರೂ ಸೇರಿ ಬೆಣ್ಣೆ ದೋಸೆ ತಿನ್ನೋಣ ಅಂತ. ತಮಾಷೆ ಥರ ನಡೆಯುತ್ತಿತ್ತು. ನನಗೆ ತಮಾಷೆ. 11,000 ಸಂಬಳದಲ್ಲಿ ಊರಿಗೂ ದುಡ್ಡು ಕಳಿಸುವ ಹುಡುಗನಿಗೆ?

ಸಾಹುಕಾರ್ರು ಹೇಳಿದ ಮಾತು ಆಗ ಕಿವಿಯಲ್ಲಿ ಕೇಳಿಸಿತು, "ಅದ್ಕೇ ಇಷ್ಟು" ಅಂತ. ಅವರ ಖಾತೆ ಪುಸ್ತಕವನ್ನು ನಾನು ಆಸ್ಪತ್ರೆಗೆ ಹೊತ್ತುಕೊಂಡು ಬಂದಿದ್ದೆ. 600 ಮಾತ್ರೆ ಎರಡು ತಿಂಗಳು ಲೆಕ್ಕದಲ್ಲಿ ಕಾಣೆಯಾಗಿದ್ದಕ್ಕೆ ಪ್ಯಾಕ್ ಸೈಜ್ ಕಾರಣ ಆಗಿದ್ದು ಒಂದು ವಾರ ಮಾತ್ರ. ಉಳಿದ ಏಳು ವಾರಕ್ಕೆ ಕಾರಣ ನನ್ನ ದಂಡ. ಎಣಿಕೆ ದಿನ ನಾನು ಸ್ವಲ್ಪ ಅವಸರ ಮಾಡಿದ್ದರೆ ಆ ಹುಡುಗ ಕಳ್ಳ ಅನ್ನಿಸಿಕೊಂಡು ಊರಿಗೆ ಹೋಗುತ್ತಿದ್ದ. ಆಗಲೂ ಬಾಯಿ ಬಿಡುತ್ತಿರಲಿಲ್ಲವೇನೋ.

ಆಮೇಲೆ

ದಂಡ ನಿಲ್ಲಿಸಿದೆ. ಮಾಲು ಇಳಿಸಿಕೊಳ್ಳುವಾಗ ಪ್ರತಿ ಔಷಧದ ಒಂದು ಸ್ಟ್ರಿಪ್ ಬಿಡಿಸಿ ಎಣಿಸಿ, ಬಿಲ್ಲಿನ ಮೇಲೆ ಪ್ಯಾಕ್ ಸೈಜ್ ಕೈಯಲ್ಲಿ ಬರೆಯಬೇಕು, ಇಬ್ಬರ ಸಹಿ ಬೇಕು ಅಂತ ಮಾಡಿದೆವು. ಹಳೇ ದಂಡದ ಪುಸ್ತಕವನ್ನೇ ತಪ್ಪಿನ ಪುಸ್ತಕ ಮಾಡಿದೆವು. ಏನು ತಪ್ಪಾಯಿತು, ಯಾವಾಗ ಗೊತ್ತಾಯಿತು, ಅಷ್ಟೇ. ಮೊದಲ ಪುಟದಲ್ಲಿ ನನ್ನದೇ ಒಂದು ತಪ್ಪು ಬರೆದೆ. ಜನವರಿಯಲ್ಲಿ ಬಂದ ಒಂದು ಇಂಜೆಕ್ಷನ್ ಬ್ಯಾಚನ್ನು ಫ್ರಿಜ್ಜಿಗೆ ಇಡಲು ಮೂರು ಗಂಟೆ ತಡ ಮಾಡಿದ್ದೆ. ಕಂಪನಿಯವರನ್ನು ಕೇಳಿ ಆ ಬ್ಯಾಚ್ ವಾಪಸ್ ಕಳಿಸಿದ್ದೆ, ಆದರೆ ನಮ್ಮವರಿಗೆ ಕಾರಣ ಹೇಳಿರಲಿಲ್ಲ.

ಏಪ್ರಿಲ್‌ನಲ್ಲಿ ಪುಸ್ತಕಕ್ಕೆ 11 ತಪ್ಪು ಬಂದವು. ಹಿಂದಿನ ತಿಂಗಳು ದಂಡದ ಲೆಕ್ಕದಲ್ಲಿ ಇದ್ದದ್ದು ಎರಡು. ಆಡಳಿತದವರು ಪುಸ್ತಕ ತಿರುವಿ ಹಾಕಿ, "ಏನ್ರೀ ಇದು, ದಂಡ ತೆಗೆದ್ಮೇಲೆ ತಪ್ಪು ಜಾಸ್ತಿ ಆಗಿದೆಯಲ್ಲ?" ಅಂದರು. ಮೊದಲೂ ಇಷ್ಟೇ ಇದ್ದವು ಸಾರ್, ಕಾಣಿಸುತ್ತಿರಲಿಲ್ಲ ಅಂದೆ. ಅವರು ಒಪ್ಪಿದರು ಅಂತ ಅನ್ನಿಸಲಿಲ್ಲ. ಅವರ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಒಬ್ಬರು ನಿಜವಾಗಿಯೂ ಸಡಿಲ ಬಿಟ್ಟರು. ಅದೇ ತಪ್ಪು ಮೂರು ಸಲ ಮಾಡಿ, ಮೂರು ಸಲವೂ ನಗುತ್ತಾ ಬರೆದರು. ಅವರನ್ನು ಮಾಲು ಇಳಿಸಿಕೊಳ್ಳುವ ಕೆಲಸದಿಂದ ತೆಗೆದು ಬೇರೆ ಕಡೆ ಹಾಕಬೇಕಾಯಿತು.

ಡಬ್ಬಿಯಲ್ಲಿ 3,150 ರೂಪಾಯಿ ಇತ್ತು. ದೋಸೆಗೆ ಹೋಗಲೇ ಇಲ್ಲ ನಾವು. ಪುಸ್ತಕ ನೋಡಿ, ಯಾರದು ಎಷ್ಟು ಅಂತ ಒಂಬತ್ತು ಜನಕ್ಕೆ ಲೆಕ್ಕ ಹಾಕಿ ಕವರ್ ಮಾಡಿದೆ. ಹುಡುಗನ ಕವರ್‌ನಲ್ಲಿ 650 ಇತ್ತು, ಎಲ್ಲರಿಗಿಂತ ಜಾಸ್ತಿ. ಅವನು ಎಣಿಸದೆ ಜೇಬಿಗೆ ಹಾಕಿಕೊಂಡ. ಒಂಬತ್ತರಲ್ಲಿ ಇಬ್ಬರು ಆಗಲೇ ಕೆಲಸ ಬಿಟ್ಟಿದ್ದರು. ಒಬ್ಬಳು ಪಿ.ಬಿ. ರಸ್ತೆಯ ಒಂದು ಮೆಡಿಕಲ್ ಶಾಪಿನಲ್ಲಿ ಸಿಕ್ಕಳು, ಕೊಟ್ಟು ಬಂದೆ. ಇನ್ನೊಬ್ಬನ ಫೋನ್ ಸ್ವಿಚ್ ಆಫ್. ಬೆಂಗಳೂರಿಗೆ ಹೋದ ಅಂತಾರೆ. ಅವನ 200 ರೂಪಾಯಿ, ಹೆಸರು ಬರೆದ ಕವರ್ ಸಮೇತ, ಈಗಲೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ.